ಟೈರ್ ತಿನ್ನುವ ಲಾರಿಗೆ ಏನು ಮದ್ದು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು. ಟೈರ್ ಬೇಗ ಸವೆಯುತ್ತೆ, ಅಲೈನ್‌ಮೆಂಟ್ ಅಂತ ಚಕ್ರಗಳ ಕೋನ ಸರಿ ಮಾಡಿಸಿದರೂ ನಿಲ್ಲಲ್ಲ, ಪಾಟಾ ಕಟ್ಟಾಗುತ್ತೆ, ಗಾಡಿ ಒಂದು ಕಡೆ ಎಳೆಯುತ್ತೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಲಾರಿಯ ಅಡಿಭಾಗಕ್ಕೇ ಇರಲಿ. ಪಾಟಾ ಅಂದರೆ ಆಕ್ಸಲ್ ಮೇಲೆ ಗಾಡಿಯ ಭಾರ ಹೊರುವ ಕಮಾನಿನಂಥ ಸ್ಪ್ರಿಂಗ್ ಪಟ್ಟಿ, ಅದನ್ನು ನಿಮ್ಮೂರಲ್ಲಿ ಬ್ಲೇಡ್ ಅಂತಲೋ ಪ್ಲೇಟ್ ಅಂತಲೋ ಕರೆಯುತ್ತಿದ್ದರೆ ಹಾಗೇ ಓದಿಕೊಳ್ಳಿ.

ಪ್ರಶ್ನೆ: ನನ್ನದು ಆರು ಚಕ್ರದ ಲಾರಿ. ಬೆಂಗಳೂರು–ಹುಬ್ಬಳ್ಳಿ ಲೈನು. ಮುಂದಿನ ಎರಡೂ ಟೈರ್ ಒಳಗಡೆ ಅಂಚಲ್ಲಿ ಸವೆದು ಹೋಗ್ತಿವೆ. ಒಂದೇ ವರ್ಷದಲ್ಲಿ ಮೂರು ಸಲ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದೆ. ಮಾಡಿಸಿದ ದಿನ ಎಲ್ಲಾ ಹಸಿರು ತೋರಿಸುತ್ತೆ, ತಿಂಗಳಾದ ಮೇಲೆ ಮತ್ತೆ ಅದೇ ಕಥೆ. ಮೆಷಿನ್ನೇ ಸುಳ್ಳು ಹೇಳುತ್ತಾ?
– ಲಾರಿ ಮಾಲೀಕರು, ಚಿತ್ರದುರ್ಗ

ಉತ್ತರ: ಮೆಷಿನ್ ಸುಳ್ಳು ಹೇಳಿರಲಿಕ್ಕಿಲ್ಲ. ಅದು ನಿಂತ ಗಾಡಿಯನ್ನು ಅಳೆಯುತ್ತೆ. ನಿಮ್ಮ ಗಾಡಿ ಓಡುವಾಗ ಬೇರೆಯೇ ಆಗಿರುತ್ತೆ.

ಮೊದಲು ಟೈರ್ ಮೇಲೆ ಕೈ ಆಡಿಸಿ ನೋಡಿ. ಅಂಗೈಯನ್ನು ಟೈರಿನ ಹೊರ ಅಂಚಿನಿಂದ ಒಳ ಅಂಚಿನ ಕಡೆಗೆ ಅಡ್ಡವಾಗಿ ಎಳೆಯಿರಿ, ಆಮೇಲೆ ಒಳಗಿಂದ ಹೊರಗೆ. ಒಂದು ಕಡೆ ನುಣ್ಣಗೆ ಹೋಗಿ ಇನ್ನೊಂದು ಕಡೆ ರಬ್ಬರ್ ಅಂಚುಗಳು ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ ಅದು ಟೋ (ಎರಡು ಚಕ್ರಗಳ ಮುಂಬದಿಯ ಅಂತರಕ್ಕೂ ಹಿಂಬದಿಯ ಅಂತರಕ್ಕೂ ಇರುವ ವ್ಯತ್ಯಾಸ) ಕೆಟ್ಟಿರುವ ಗುರುತು. ಹೊರಗಿಂದ ಒಳಗೆ ಎಳೆದಾಗ ಚುಚ್ಚಿದರೆ ಟೋ-ಔಟ್, ಅಂದರೆ ಎರಡೂ ಚಕ್ರದ ಮುಂಭಾಗ ಹೊರಕ್ಕೆ ಬಿಚ್ಚಿಕೊಂಡಿವೆ. ಒಳಗಿಂದ ಹೊರಗೆ ಎಳೆದಾಗ ಚುಚ್ಚಿದರೆ ಟೋ-ಇನ್ ಜಾಸ್ತಿ, ಅಂದರೆ ಮುಂಭಾಗ ಒಳಕ್ಕೆ ತಿರುಗಿವೆ. ನೀವು ಬರೆದ ಲಕ್ಷಣ ನೋಡಿದರೆ ಮೊದಲನೆಯದೇ ಇರಬೇಕು.

ಲಾರಿ ಓಡುವಾಗ ರಸ್ತೆ ಮುಂದಿನ ಚಕ್ರಗಳನ್ನು ಹಿಂದಕ್ಕೆ ತಳ್ಳುತ್ತಾ ಇರುತ್ತೆ. ಬ್ರೇಕ್ ಹಾಕಿದರೆ ಇನ್ನೂ ಜೋರಾಗಿ. ಟೈ ರಾಡ್ ಎಂಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡಿನ ತುದಿಯ ಕೀಲು), ಕಿಂಗ್ ಪಿನ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ), ಹಬ್ ಬೇರಿಂಗ್‌ಗಳಲ್ಲಿ ಎಲ್ಲೆಲ್ಲಿ ಪ್ಲೇ, ಅಂದರೆ ಸಡಿಲ, ಇದೆಯೋ ಅಷ್ಟನ್ನೂ ಆ ತಳ್ಳು ತಿಂದುಹಾಕಿ ಚಕ್ರದ ಮುಂಭಾಗವನ್ನು ಹೊರಕ್ಕೆ ಬಿಡಿಸುತ್ತೆ. ಕಂಪನಿಯವರು ನಿಂತ ಗಾಡಿಗೆ ಸ್ವಲ್ಪ ಟೋ-ಇನ್ ಇಡಿ ಅನ್ನುವುದು ಇದಕ್ಕೇ. ಓಡುವಾಗ ಬಿಚ್ಚಿಕೊಂಡು ಸೊನ್ನೆಗೆ ಬರಲಿ ಅಂತ. ಆದರೆ ಎಂಡ್ ಸವೆದಿದ್ದರೆ ಸೊನ್ನೆಗೆ ನಿಲ್ಲಲ್ಲ, ಆಚೆ ದಾಟಿಬಿಡುತ್ತೆ. ಮೆಷಿನ್ ಮೇಲೆ ಹಸಿರು, ರಸ್ತೆ ಮೇಲೆ ಕೆಂಪು.

3 ಮಿಲಿ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ. ಲಾರಿ ಟೈರಿನ ಎತ್ತರ ಹೆಚ್ಚುಕಮ್ಮಿ ಒಂದು ಮೀಟರ್. ಟೋ 3 ಮಿಲಿ ತಪ್ಪಿದ್ದರೆ ಒಂದೊಂದು ಚಕ್ರದ ಪಾಲಿಗೆ ಒಂದೂವರೆ ಮಿಲಿ. ಅಂದರೆ ಪ್ರತಿ ಕಿಲೋಮೀಟರ್‌ಗೆ ಆ ಟೈರ್ ಸುಮಾರು ಒಂದೂವರೆ ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತೆ. ಬೆಂಗಳೂರಿಂದ ಹುಬ್ಬಳ್ಳಿಗೆ 400 ಕಿ.ಮೀ. ಮೇಲೆ. ಒಂದು ಟ್ರಿಪ್ಪಿಗೆ 600 ಮೀಟರ್ ದೂರ ಲೋಡ್ ಹೊತ್ತ ಟೈರನ್ನು ಡಾಂಬರಿನ ಮೇಲೆ ಅಡ್ಡ ಎಳೆದಷ್ಟಾಯ್ತು. ಸವೆಯದೆ ಇನ್ನೇನಾಗುತ್ತೆ?

ಈಗ ಮಾಡಬೇಕಾದ್ದು ಇಷ್ಟು. ಹಿಂದಿನ ಚಕ್ರಕ್ಕೆ ಉರುಳದ ಹಾಗೆ ಅಡ್ಡಗಲ್ಲು ಕೊಡಿ, ಮುಂದಿನ ಆಕ್ಸಲ್ ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬೇಡಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಭಾರ ಜಾಸ್ತಿ ಅನ್ನಿಸಿದರೆ ಕೆಳಗೆ ಸಲಾಕೆ ಕೊಟ್ಟು ಮೀಟಿ. ಟಕ್ ಟಕ್ ಅಂದರೆ ಪ್ಲೇ ಇದೆ ಅಂತ ಗೊತ್ತಾಯ್ತು, ಆದರೆ ಯಾವುದರಲ್ಲಿ? ಡ್ರೈವರ್‌ಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಹಬ್ ಬೇರಿಂಗ್ ಸಡಿಲ. ಒತ್ತಿದರೂ ಹಾಗೇ ಇದ್ದರೆ ಕಿಂಗ್ ಪಿನ್ ಬುಷ್ ಹೋಗಿದೆ. ಎಷ್ಟೋ ಕಡೆ ಬೇರಿಂಗ್ ಟೈಟ್ ಮಾಡಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಕಿಂಗ್ ಪಿನ್ ಸೆಟ್ಟೇ ಬದಲಾಯಿಸಿ ಬಿಲ್ ಮಾಡುತ್ತಾರೆ, ಅದಕ್ಕೇ ಈ ಒಂದು ಪರೀಕ್ಷೆ ಗೊತ್ತಿರಲಿ.

ಆಮೇಲೆ ಗಾಡಿ ಕೆಳಗಿಳಿಸಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಪಕ್ಕದಲ್ಲಿ ಕೂತು ಟೈ ರಾಡ್ ಎಂಡ್, ಸ್ಟೇರಿಂಗ್ ಬಾಕ್ಸ್ ಕಡೆಯಿಂದ ಚಕ್ರಕ್ಕೆ ಬರುವ ಡ್ರ್ಯಾಗ್ ಲಿಂಕ್ ಎಂಡ್‌ಗಳನ್ನು ನೋಡಲಿ. ರಾಡ್ ಅಲ್ಲಾಡಿದ ಮೇಲೆ ಒಂದು ಕ್ಷಣ ತಡವಾಗಿ ಆರ್ಮ್ ಅಲ್ಲಾಡಿದರೆ ಆ ಎಂಡ್ ಮುಗಿದಿದೆ. ಬೇರಿಂಗ್, ಕಿಂಗ್ ಪಿನ್, ಎಂಡ್, ಇಷ್ಟು ಸರಿ ಮಾಡಿಸಿ, ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಟೈಟ್ ನೋಡಿಸಿ, ಆಮೇಲೆ ನಾಲ್ಕನೇ ಸಲ ಅಲೈನ್‌ಮೆಂಟ್‌ಗೆ ಹೋಗಿ. ಟೈ ರಾಡ್ ತಿರುಗಿಸೋದು ಯಾವತ್ತೂ ಕೊನೇ ಕೆಲಸ. ಮೊದಲನೇದಾಗಿ ಅದನ್ನೇ ತಿರುಗಿಸೋಕೆ ಹೋಗುವ ಅಂಗಡಿಯಿಂದ ಗಾಡಿ ವಾಪಸ್ ತಗೊಂಡು ಬನ್ನಿ.

ಪ್ರಶ್ನೆ: ನಾವು ಯಲ್ಲಾಪುರ ಕಡೆಯವರು. ಅರಬೈಲ್ ಘಟ್ಟ ಇಳಿದು ಹತ್ತುವ ಗಾಡಿ. ಲಾರಿಗೆ ಅಲೈನ್‌ಮೆಂಟ್ ಮಾಡಿಸಬೇಕು ಅಂದ್ರೆ ಒಂದು ದಿನ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋಗಬೇಕು. ನಾವೇ ದಾರ, ಟೇಪ್ ಹಿಡಿದು ಟೋ ನೋಡಬಹುದಾ?
– ಓದುಗರು, ಉತ್ತರ ಕನ್ನಡ

ಉತ್ತರ: ಧಾರಾಳವಾಗಿ ನೋಡಬಹುದು. ಮೆಷಿನ್ ಬರುವ ಮುಂಚೆ ಎಲ್ಲರೂ ಹಾಗೇ ಮಾಡುತ್ತಿದ್ದದ್ದು, ತಾಳ್ಮೆ ಇದ್ದರೆ ಲೆಕ್ಕ ಒಂದು ಮಿಲಿಯೊಳಗೆ ಬರುತ್ತೆ.

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಅಕ್ಕಿ ಗಿರಣಿ ಅಂಗಳ, ಗೋಡೌನ್ ಮುಂದಿನ ಜಾಗ, ಯಾವುದಾದರೂ ಸರಿ. ಎರಡೂ ಟೈರಿನ ಗಾಳಿ ಸಮ ಇರಲಿ. ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಟೈರ್ ತಿರುಗಿಸುತ್ತಾ ನಡುಭಾಗಕ್ಕೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಒಂದು ಮರದ ತುಂಡಿಗೆ ಚೂಪು ಮೊಳೆ ಹೊಡೆದು ನೆಲದ ಮೇಲೆ ಅಲ್ಲಾಡದ ಹಾಗೆ ಒತ್ತಿ ಹಿಡಿದು, ಮೊಳೆಯ ತುದಿ ಸುಣ್ಣಕ್ಕೆ ತಾಗಿಸಿ, ಟೈರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ. ಬಿಳಿ ಪಟ್ಟಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ ಬರುತ್ತೆ. ಗೆರೆಯ ಎರಡು ತುದಿ ಸೇರಬೇಕು. ಸೇರದೆ ಆಚೀಚೆ ಆದರೆ ಮೊಳೆ ಅಲ್ಲಾಡಿದೆ, ಮತ್ತೆ ಬಳಿದು ಮತ್ತೆ ಗೀರಿ. ರಿಮ್ ಸ್ವಲ್ಪ ಸೊಟ್ಟ ಇದ್ದರೂ ಈ ಗೆರೆ ನೇರ ಇರುತ್ತೆ, ಅದೇ ಇದರ ಉಪಯೋಗ. ಎರಡೂ ಚಕ್ರಕ್ಕೆ ಹೀಗೆ ಮಾಡಿ ಗಾಡಿ ಇಳಿಸಿ.

ಇಳಿಸಿದ ತಕ್ಷಣ ಅಳೆಯಬೇಡಿ. ಸ್ಟೇರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ಮುಂದಕ್ಕೆ ತಳ್ಳಿ, ತಾನಾಗಿ ನಿಲ್ಲಲಿ. ಹಿಂದಕ್ಕೆ ಮಾತ್ರ ತಳ್ಳಬೇಡಿ. ಹಿಂದೆ ಹೋದರೆ ಪ್ಲೇ ಎಲ್ಲಾ ಉಲ್ಟಾ ಕೂರುತ್ತೆ, ಅಳತೆ ತಪ್ಪುತ್ತೆ.

ಟೇಪನ್ನು ನೇರವಾಗಿ ಎರಡು ಗೆರೆಗಳ ನಡುವೆ ಹಿಡಿಯೋಣ ಅಂದ್ರೆ ಹಿಂಭಾಗದಲ್ಲಿ ಎಂಜಿನ್, ಗೇರ್‌ಬಾಕ್ಸ್ ಅಡ್ಡ ಬರುತ್ತೆ. ಇದಕ್ಕೆ ಗಾರೆ ಕೆಲಸದವರ ತೂಗುಗುಂಡು ತನ್ನಿ. ಹಬ್ಬಿನ ನಡುಮಧ್ಯದ ಎತ್ತರದಲ್ಲಿ, ಟೈರಿನ ಮುಂಬದಿಯ ಗೆರೆಗೆ ದಾರ ಹಿಡಿದು ಗುಂಡು ಇಳಿಬಿಡಿ. ಅಲ್ಲಿ ಟೈರ್ ಎಲ್ಲಕ್ಕಿಂತ ಮುಂದೆ ಚಾಚಿರುತ್ತೆ, ದಾರಕ್ಕೆ ಏನೂ ಅಡ್ಡ ಬರಲ್ಲ. ಗುಂಡಿನ ತುದಿ ನೆಲಕ್ಕೆ ಮುಟ್ಟುವ ಕಡೆ ಪೆನ್ಸಿಲ್‌ನಲ್ಲಿ ಗುರುತು. ಅದೇ ರೀತಿ ಟೈರಿನ ಹಿಂಬದಿಯಲ್ಲೂ. ಎಡಕ್ಕೆ ಎರಡು, ಬಲಕ್ಕೆ ಎರಡು, ಒಟ್ಟು ನಾಲ್ಕು ಗುರುತು. ಈಗ ಗಾಡಿ ಅಲ್ಲಿಂದ ತೆಗೆದುಬಿಡಿ. ಖಾಲಿ ನೆಲದ ಮೇಲೆ ಮುಂದಿನ ಎರಡು ಗುರುತುಗಳ ಅಂತರ ಅಳೆಯಿರಿ, ಹಿಂದಿನ ಎರಡರ ಅಂತರ ಅಳೆಯಿರಿ. ಹಿಂದಿನದು ಜಾಸ್ತಿ ಇದ್ದರೆ ಟೋ-ಇನ್, ಮುಂದಿನದು ಜಾಸ್ತಿ ಇದ್ದರೆ ಟೋ-ಔಟ್. ಎಷ್ಟಿರಬೇಕು ಅನ್ನೋದು ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುತ್ತೆ. ಲಾರಿಗಳಿಗೆ ಸಾಮಾನ್ಯವಾಗಿ 0ಯಿಂದ 3 ಮಿಲಿ ಒಳಗಿನ ಟೋ-ಇನ್, ರೇಡಿಯಲ್ ಟೈರ್ ಇದ್ದರೆ ಸೊನ್ನೆಯ ಕಡೆಗೇ ಹೆಚ್ಚು.

ಸರಿ ಮಾಡೋದು ಹೇಗೆ ಅಂದ್ರೆ, ಟೈ ರಾಡಿನ ಎರಡೂ ತುದಿಯ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ. ಒಂದು ತುದಿಗೆ ಬಲ ಮರೆ (ಥ್ರೆಡ್), ಇನ್ನೊಂದಕ್ಕೆ ಎಡ ಮರೆ ಇರುತ್ತೆ, ಹಾಗಾಗಿ ಪೈಪ್ ರೆಂಚ್ ಹಾಕಿ ರಾಡ್ ತಿರುಗಿಸಿದರೆ ಎರಡೂ ಕಡೆಯಿಂದ ಉದ್ದವಾಗುತ್ತೆ, ಇಲ್ಲಾ ಗಿಡ್ಡವಾಗುತ್ತೆ. ರಾಡ್ ಆಕ್ಸಲ್ಲಿನ ಹಿಂದೆ ಇದ್ದರೆ ಉದ್ದ ಮಾಡಿದಷ್ಟೂ ಟೋ-ಇನ್ ಜಾಸ್ತಿ. ಬಹಳ ಲಾರಿಗಳಲ್ಲಿ ಹಿಂದೇ ಇರುತ್ತೆ. ಕಾಲು ಸುತ್ತು ತಿರುಗಿಸಿ, ಗಾಡಿ ಮತ್ತೆ ಮುಂದಕ್ಕೆ ತಳ್ಳಿ, ಮತ್ತೆ ಅಳೆಯಿರಿ. ಒಂದೇ ಸಲ ಒಂದು ಪೂರ್ತಿ ಸುತ್ತು ಕೊಟ್ಟುಬಿಡಬೇಡಿ, ಎರಡೂ ತುದಿಯ ಮರೆ ಸೇರಿ ಕೆಲಸ ಮಾಡೋದರಿಂದ ಟೈರ್ ಹತ್ತಿರ ಅದು ನೀವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಆಗಿರುತ್ತೆ. ಕೊನೆಗೆ ಕ್ಲ್ಯಾಂಪ್ ಟೈಟ್ ಮಾಡುವಾಗ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕ್ಲ್ಯಾಂಪಿನ ಬೋಲ್ಟ್ ಆಕ್ಸಲ್‌ಗೆ ತಾಗಬಾರದು. ಘಟ್ಟದ ತಿರುವಿನಲ್ಲಿ ಅದು ತಾಗಿ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಟೋ ಸರಿ ಆದ ಮೇಲೆ ಸ್ಟೇರಿಂಗ್ ವೀಲ್ ಸೊಟ್ಟ ನಿಂತರೆ ಅದನ್ನು ಡ್ರ್ಯಾಗ್ ಲಿಂಕಿನಲ್ಲಿ ಸರಿ ಮಾಡಬೇಕು. ವೀಲ್ ಬಿಚ್ಚಿ ಹಲ್ಲು ಬದಲಾಯಿಸಿ ಕೂರಿಸಿದರೆ ನೋಡೋಕೆ ನೇರ ಕಾಣುತ್ತೆ, ಸ್ಟೇರಿಂಗ್ ಬಾಕ್ಸ್ ಮಾತ್ರ ನಡುವಿಗೆ ಇರಲ್ಲ.

ಪ್ರಶ್ನೆ: ನನ್ನ ಲಾರಿ ಹಿಂದೆ ಬಂದ ಇನ್ನೊಬ್ಬ ಡ್ರೈವರ್ ಢಾಬಾದಲ್ಲಿ ಸಿಕ್ಕಿ 'ಅಣ್ಣಾ, ನಿನ್ ಗಾಡಿ ಅಡ್ಡಡ್ಡ ಓಡ್ತಾ ಇದೆ' ಅಂದ. ನನಗೆ ನಗು ಬಂತು. ಆದರೆ ನೋಡಿದರೆ ಸ್ಟೇರಿಂಗ್ ಯಾವಾಗಲೂ ಸ್ವಲ್ಪ ಬಲಕ್ಕೆ ಹಿಡಿದೇ ಓಡಿಸುತ್ತಿದ್ದೇನೆ. ಮುಂದಿನ ಅಲೈನ್‌ಮೆಂಟ್ ಸರಿ ಇದೆ ಅಂತಾರೆ.
– ಚಾಲಕರು, ದಾವಣಗೆರೆ

ಉತ್ತರ: ಆ ಡ್ರೈವರ್ ಸಿಕ್ಕರೆ ಒಂದು ಟೀ ಕೊಡಿಸಿ. ನಿಮ್ಮ ಗಾಡಿಯ ಹಿಂದಿನ ಆಕ್ಸಲ್, ಬಲಗಡೆ ಹಿಂದಕ್ಕೆ ಅಥವಾ ಎಡಗಡೆ ಮುಂದಕ್ಕೆ, ಸರಿದಿರುವ ಹಾಗೆ ಕಾಣುತ್ತೆ. ಆಗ ಹಿಂಭಾಗ ಬಲಕ್ಕೆ ನೂಕುತ್ತೆ, ನೀವು ಅದಕ್ಕೆ ಸರಿದೂಗಿಸೋಕೆ ಸ್ಟೇರಿಂಗ್ ಬಲಕ್ಕೆ ಹಿಡಿಯಬೇಕಾಗುತ್ತೆ. ಮುಂದಿನ ಚಕ್ರ ಎಷ್ಟು ಸಲ ಸೆಟ್ ಮಾಡಿದರೂ ಇದು ಹೋಗಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಸುಲಭ ದಾರಿ: ಸಿಮೆಂಟ್ ನೆಲದ ಮೇಲೆ ನೀರು ಚೆಲ್ಲಿ ಅದರ ಮೇಲೆ ನೇರವಾಗಿ ಓಡಿಸಿ, ಇಳಿದು ಗುರುತು ನೋಡಿ. ಮುಂದಿನ ಟೈರಿನ ಗುರುತು ಹಿಂದಿನ ಜೋಡಿ ಟೈರಿನ ಗುರುತಿನೊಳಗೆ ಎಲ್ಲಿ ಬಿದ್ದಿದೆ ಅಂತ ಎಡಕ್ಕೂ ಬಲಕ್ಕೂ ಹೋಲಿಸಿ. ಎರಡೂ ಕಡೆ ಒಂದೇ ಥರ ಇರಬೇಕು. ಆಮೇಲೆ ಸ್ಟೇರಿಂಗ್ ನೇರ ಇಟ್ಟು ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಎರಡೂ ಬದಿ ಅಳೆಯಿರಿ. ಮೇಲೆ ಹೇಳಿದ ತೂಗುಗುಂಡು ಇಲ್ಲೂ ಆಗುತ್ತೆ. ಮೂರು ನಾಲ್ಕು ಮಿಲಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಟೇಪ್ ಹಿಡಿಯೋದರಲ್ಲೇ ಅಷ್ಟು ಆಚೀಚೆ ಆಗುತ್ತೆ. 10 ಮಿಲಿ ದಾಟಿದರೆ ಬಿಡಬೇಡಿ. 5 ಮೀಟರ್ ವೀಲ್‌ಬೇಸ್ ಇರುವ ಗಾಡಿಯಲ್ಲಿ ಅಷ್ಟಕ್ಕೇ ಮುಂಭಾಗ ಮತ್ತು ಹಿಂಭಾಗ ಒಂದಿಂಚಿನಷ್ಟು ಪಕ್ಕಕ್ಕೆ ತಪ್ಪುತ್ತವೆ. ಹಿಂದೆ ಬರುವವನ ಕಣ್ಣಿಗೆ ಬೀಳುವಷ್ಟು ಅಡ್ಡ ಓಡುತ್ತಿದೆ ಅಂದ್ರೆ ನಿಮ್ಮದು ಇನ್ನೂ ಜಾಸ್ತಿ ಇರಬೇಕು.

ಕಾರಣ ಹೆಚ್ಚಾಗಿ ಒಂದೇ. ಪಾಟಾಗಳನ್ನು ಸೇರಿಸುವ ಸೆಂಟರ್ ಬೋಲ್ಟ್ ಇದೆಯಲ್ಲ, ಅದರ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಕೂತಿರುತ್ತೆ. ಅದರ ಕೆಲಸ ಜಾಗ ತೋರಿಸೋದು ಅಷ್ಟೇ, ಹಿಡಿದಿಡೋದು ಯು-ಬೋಲ್ಟ್‌ಗಳ ಕೆಲಸ. ಯು-ಬೋಲ್ಟ್ ಸಡಿಲವಾದರೆ ಬ್ರೇಕ್ ಹಾಕಿದಾಗಲೂ ಎತ್ತರ ಹತ್ತುವಾಗಲೂ ಇಡೀ ಗಾಡಿಯ ಎಳೆತ ಆ ಸಣ್ಣ ಬೋಲ್ಟಿನ ಕತ್ತಿನ ಮೇಲೆ ಬೀಳುತ್ತೆ. ಒಂದು ದಿನ ಕಟ್ಟಾಗುತ್ತೆ, ಆಕ್ಸಲ್ ಸರಿಯುತ್ತೆ. ಟಾರ್ಚ್ ಹಿಡಿದು ಅಡಿಗೆ ಬಗ್ಗಿ ಪಾಟಾ ಮತ್ತು ಸೀಟ್ ಸೇರುವ ಕಡೆ ನೋಡಿ: ಕೆಂಪು ತುಕ್ಕಿನ ಪುಡಿ ಹಬ್ಬಿದ್ದರೆ ಅಥವಾ ಕಬ್ಬಿಣ ಉಜ್ಜಿ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿದೆ ಅಂತಲೇ. ಸೆಂಟರ್ ಬೋಲ್ಟ್ ಜೊತೆ ಯು-ಬೋಲ್ಟ್‌ಗಳನ್ನೂ ಹೊಸದೇ ಹಾಕಿಸಿ. ಒಂದು ಸಲ ಎಳೆದು ಬಿಗಿದ ಯು-ಬೋಲ್ಟ್ ಬಿಚ್ಚಿ ಮತ್ತೆ ಹಾಕಿದರೆ ಬಿಗಿ ನಿಲ್ಲಲ್ಲ. ನಟ್‌ಗಳನ್ನು ಮೂಲೆಯಿಂದ ಮೂಲೆಗೆ ಅಡ್ಡ ಅಡ್ಡ ಸ್ವಲ್ಪ ಸ್ವಲ್ಪ ಬಿಗಿಯಬೇಕು, ಕೊನೇ ಬಿಗಿ ಟಾರ್ಕ್ ರೆಂಚಿನಲ್ಲಿ. ಸ್ಪ್ಯಾನರ್‌ಗೆ ಉದ್ದ ಪೈಪ್ ತೂರಿಸಿ ಇಬ್ಬರು ಜೋತು ಬೀಳೋದು ನಮ್ಮಲ್ಲಿ ಮಾಮೂಲಿ. ಅದರಲ್ಲಿ ಒಂದು ಕಡೆ ಕಮ್ಮಿ, ಒಂದು ಕಡೆ ಮರೆಯೇ ಕೊಯ್ದು ಹೋಗುವಷ್ಟು ಜಾಸ್ತಿ. ಲೋಡ್ ಹಾಕಿ ಮೊದಲ ಒಂದೆರಡು ಟ್ರಿಪ್ ಆದ ಮೇಲೆ ಇನ್ನೊಂದು ಸಲ ಟೈಟ್ ನೋಡಿಸಿ. ಹೊಸ ಪಾಟಾ ಕೂರುತ್ತಾ ಕೂರುತ್ತಾ ಸಡಿಲವಾಗೋದು ಸಹಜ, ಮರೆಯೋದೂ ಇದನ್ನೇ.

ಪ್ರಶ್ನೆ: ಅದಿರು ಹೊಡೆಯುವ ಟಿಪ್ಪರ್. ಹಿಂದಿನ ಪಾಟಾ ಪದೇ ಪದೇ ಕಟ್ಟಾಗುತ್ತೆ. ಎರಡೂ ಕಡೆ ಎರಡೆರಡು ಪಾಟಾ ಹೆಚ್ಚಿಗೆ ಹಾಕಿಸಿಬಿಡು ಅಂತ ಎಲ್ಲರೂ ಹೇಳ್ತಾರೆ. ಹಾಕಿಸಲಾ?
– ಟಿಪ್ಪರ್ ಮಾಲೀಕರು, ಸಂಡೂರು ಕಡೆ

ಉತ್ತರ: ಹಾಕಿಸಬೇಡಿ. ಮೊದಲು ಎಲ್ಲಿ ಕಟ್ಟಾಗುತ್ತಿದೆ ಅಂತ ನೋಡಿ, ಯಾಕೆ ಅನ್ನೋದು ಅಲ್ಲೇ ಇರುತ್ತೆ. ನಡುವಿನ ತೂತಿನ ಹತ್ತಿರ ಕಟ್ಟಾಗಿದ್ದರೆ ಮೊದಲ ಅನುಮಾನ ಯು-ಬೋಲ್ಟ್ ಸಡಿಲದ ಮೇಲೆ. ಮೇನ್ ಪಾಟಾದ ಕಿವಿಯ ಹತ್ತಿರ ಕಟ್ಟಾಗಿದ್ದರೆ ಶ್ಯಾಕಲ್ ಪಿನ್, ಬುಷ್ ಗ್ರೀಸ್ ಕಾಣದೆ ಹಿಡಿದುಕೊಂಡಿವೆಯಾ ನೋಡಿ. ಪಾಟಾ ಚಪ್ಪಟೆಯಾದಾಗ ಉದ್ದವಾಗುತ್ತೆ, ಆ ಉದ್ದಕ್ಕೆ ಜಾಗ ಕೊಡೋದೇ ಶ್ಯಾಕಲ್. ಅದು ಆಡದಿದ್ದರೆ ಪಾಟಾ ಎಲ್ಲಿಗೆ ಹೋಗಬೇಕು? ಎರಡೂ ಅಲ್ಲ, ತೂತಿಗೂ ಕಿವಿಗೂ ನಡುವೆ ಎಲ್ಲೋ ಕಟ್ಟಾಗುತ್ತಿದೆ ಅಂದ್ರೆ ಭಾರ ಜಾಸ್ತಿ, ಇಲ್ಲಾ ತುಕ್ಕಿನ ಗುಳಿಯಿಂದ ಬಿರುಕು ಶುರುವಾಗಿದೆ. ಮುರಿದ ತುಂಡನ್ನು ಗುಜರಿಗೆ ಎಸೆಯುವ ಮುಂಚೆ ಮುರಿದ ಮುಖ ಒರೆಸಿ ನೋಡಿ. ಒಂದು ಭಾಗ ಕಂದು ಬಣ್ಣಕ್ಕೆ ತಿರುಗಿ ನುಣ್ಣಗಿದ್ದು, ಉಳಿದದ್ದು ಬೂದು ಬಣ್ಣದಲ್ಲಿ ಹರಳು ಹರಳಾಗಿ ಹೊಳೆಯುತ್ತಿದ್ದರೆ, ಆ ಕಂದು ಭಾಗದ ಬಿರುಕು ಹಳೇದು. ಕೊನೇ ಗುಂಡಿ ಉಳಿದದ್ದನ್ನು ಮುರಿಯಿತು ಅಷ್ಟೇ.

ಹೆಚ್ಚಿಗೆ ಪಾಟಾ ಹಾಕಿದರೆ ಮುರಿಯೋದು ನಿಲ್ಲಬಹುದು. ಆದರೆ ಪಾಟಾ ನುಂಗುತ್ತಿದ್ದ ಏಟು ಈಗ ಹ್ಯಾಂಗರ್ ಬ್ರಾಕೆಟ್‌ಗೆ, ಚಾಸಿಯ ರಿವೆಟ್‌ಗೆ, ಹೌಸಿಂಗ್‌ಗೆ ಹೋಗುತ್ತೆ. ಪಾಟಾ ಒಂದು ಮಧ್ಯಾಹ್ನದ ಕೆಲಸ. ಚಾಸಿ ಸೀಳಿದರೆ ಗಾಡಿ ತಿಂಗಳು ನಿಲ್ಲುತ್ತೆ.

ಇನ್ನು ಭಾರದ ವಿಷಯ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯ್ತು, ಜೋಡಿ ಆಕ್ಸಲ್‌ಗೆ 19 ಇದ್ದದ್ದು 21. ಅದಕ್ಕೂ ಮುಂಚಿನ ಗಾಡಿ ನಿಮ್ಮದಾಗಿದ್ದರೆ, ಕಾಗದದ ಮೇಲೆ ಮಿತಿ ಏರಿತು ಅಂತ ಅದರ ಪಾಟಾ ಗಟ್ಟಿಯಾಗಲಿಲ್ಲ ಅಲ್ವಾ? ಅದಿರಿನಲ್ಲಿ ಇನ್ನೊಂದು ಮೋಸ ಇದೆ. ಒಂದು ಘನ ಮೀಟರ್ ಅದಿರು 2 ಟನ್‌ಗಿಂತ ಜಾಸ್ತಿ ತೂಗುತ್ತೆ, ಎಂ-ಸ್ಯಾಂಡ್ ಅಷ್ಟು ತೂಗಲ್ಲ. ಬಾಡಿ ಅರ್ಧ ಖಾಲಿ ಕಾಣುವಾಗಲೇ ಆಕ್ಸಲ್‌ನ ಲೆಕ್ಕ ಮುಗಿದಿರುತ್ತೆ. ಲೋಡರ್ ಅವನು 'ಇನ್ನೊಂದು ಬಕೆಟ್ ಹಿಡಿಯುತ್ತೆ ಸಾರ್' ಅಂತಾನೆ, ಹಿಡಿಯುತ್ತೆ ನಿಜ, ಹಿಡಿಯೋದು ಬಾಡಿ.

ಹೊಸ ಪಾಟಾ ಹಾಕುವಾಗ ಕಮಾನು ಹಳೇ ಸೆಟ್ಟಿಗೆ ಸರಿಯಾಗಿ ಕೂರಬೇಕು. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಬಗ್ಗಿಸಿದ ಪಾಟಾ ಬೇಡವೇ ಬೇಡ, ಕಾಯಿಸಿದ ಕಡೆ ಹದ ಹೋಗಿರುತ್ತೆ. ಒಂದೇ ಬದಿಗೆ ಹೊಸ ಸೆಟ್ ಹಾಕಿ ಇನ್ನೊಂದು ಬದಿ ಹಳೇದು ಬಿಟ್ಟರೆ ಗಾಡಿ ವಾಲುತ್ತೆ. ಖಾಲಿ ಗಾಡಿ ಸಮ ನೆಲದ ಮೇಲೆ ನಿಲ್ಲಿಸಿ ಆಕ್ಸಲ್‌ನಿಂದ ಚಾಸಿಗೆ ಎರಡೂ ಕಡೆ ಅಳೆದು ನೋಡಿದರೆ ಗೊತ್ತಾಗುತ್ತೆ.

ಪ್ರಶ್ನೆ: ಅಲೈನ್‌ಮೆಂಟ್ ಅಂಗಡಿಯಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕೆಂಪು ಬರ್ತಿದೆ, ಮುಂದಿನ ಆಕ್ಸಲ್ ಕಾಯಿಸಿ ಬಗ್ಗಿಸಿದರೆ ಸರಿ ಹೋಗುತ್ತೆ ಅಂದರು.
– ಓದುಗರು, ತುಮಕೂರು

ಉತ್ತರ: ಬೇಡ. ಮುಂದಿನ ಆಕ್ಸಲ್ ಹದ ಕೊಟ್ಟು ಮಾಡಿದ ಫೋರ್ಜಿಂಗ್. ಕಾಯಿಸಿದ ಜಾಗದಲ್ಲಿ ಅದು ಮೆತ್ತಗಾಗುತ್ತೆ, ಯಾವತ್ತೋ ಒಂದು ದಿನ ಗುಂಡಿಯಲ್ಲಿ ಕೈ ಕೊಡುತ್ತೆ. ಕ್ಯಾಂಬರ್ ಕೆಂಪು ಬಂದ್ರೆ ಮೊದಲು ಕಿಂಗ್ ಪಿನ್, ಹಬ್ ಬೇರಿಂಗ್ ಪ್ಲೇ ನೋಡಿಸಿ. ಬಹಳ ಸಲ ಅಲ್ಲೇ ಉತ್ತರ ಇರುತ್ತೆ. ಅದೆಲ್ಲಾ ಸರಿ ಇದ್ದು ಆಕ್ಸಲ್ ನಿಜವಾಗಿ ಬೆಂಡಾಗಿದೆ ಅಂತ ಅಳತೆಯಲ್ಲಿ ಗೊತ್ತಾದರೆ ಆಕ್ಸಲ್ ಬದಲಾಯಿಸಿ.

ಪ್ರಶ್ನೆ: ಗಾಡಿ ಸದಾ ಎಡಕ್ಕೆ ಎಳೆಯುತ್ತೆ.
– ಚಾಲಕರು, ಹಾಸನ

ಉತ್ತರ: ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು ಇರುತ್ತವೆ, ನಾವು ಓಡಿಸೋದೂ ಎಡಗಡೆ. ಸ್ವಲ್ಪ ಎಡಕ್ಕೆ ಎಳೆದರೆ ಅದು ರಸ್ತೆಯ ಎಳೆತ. ಜಾಸ್ತಿ ಅನ್ನಿಸಿದರೆ ಸಮತಟ್ಟಾದ ಕಡೆ ನೋಡಿ. ಅಲ್ಲೂ ಎಳೆದರೆ ಗಾಳಿ ಅಳೆಯಿರಿ, ಆಮೇಲೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಎಳೆತವೂ ಬಲಕ್ಕೆ ಹೋದರೆ ತಪ್ಪು ಟೈರಿನದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಎಡ ಡ್ರಮ್ ಬಲದ್ದಕ್ಕಿಂತ ತುಂಬಾ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಕೈ ಹತ್ತಿರ ಹಿಡಿದರೆ ಸಾಕು, ಮುಟ್ಟಬೇಡಿ. ಬ್ರೇಕ್ ಹಾಕಿದಾಗ ಮಾತ್ರ ಎಳೆಯುತ್ತೆ ಅಂದ್ರೆ ಅಲೈನ್‌ಮೆಂಟ್ ಅಂಗಡಿಗೆ ಹೋಗೋ ಮುಂಚೆ ಬ್ರೇಕ್ ನೋಡಿಸಿ.

ಪ್ರಶ್ನೆ: ಮುಂದಿನ ಪಾಟಾ ಬದಲಾಯಿಸಿದ ಮೇಲೆ ಸ್ಟೇರಿಂಗ್ ತಿರುಗಿಸಿದರೆ ತಾನಾಗಿ ವಾಪಸ್ ಬರಲ್ಲ. ನೇರ ರಸ್ತೆಯಲ್ಲೂ ಗಾಡಿ ಅಲೆಯುತ್ತೆ. ಪಾಟಾ ಹಾಕಿದವರು 'ಹೊಸದು ಸಾರ್, ಸೆಟ್ ಆಗುತ್ತೆ' ಅಂತಾರೆ.
– ಓದುಗರು, ಶಿವಮೊಗ್ಗ

ಉತ್ತರ: ಸೆಟ್ ಆಗಲ್ಲ. ಕೆಲವು ಗಾಡಿಗಳಲ್ಲಿ ಪಾಟಾ ಮತ್ತು ಆಕ್ಸಲ್ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಬೆಣೆ ಪ್ಲೇಟ್ ಇರುತ್ತೆ. ಕ್ಯಾಸ್ಟರ್ ಅನ್ನೋ ಕೋನ ಅದರಿಂದಲೇ ಬರೋದು. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಆ ಕೋನದಿಂದ. ಬಿಚ್ಚಿ ಹಾಕುವಾಗ ಬೆಣೆ ಹಿಂದುಮುಂದಾಗಿ ಕೂತರೆ ಕೋನ ಬೆಣೆಯ ಎರಡರಷ್ಟು ಬದಲಾಗುತ್ತೆ. ಬೆಣೆಯನ್ನೇ ಮರೆತು ಬೆಂಚಿನ ಮೇಲೆ ಬಿಟ್ಟಿರುವುದೂ ಉಂಟು. ಅದೇ ಅಂಗಡಿಗೆ ಹೋಗಿ ಜಗಳ ಮಾಡದೆ, 'ಬೆಣೆ ಯಾವ ಕಡೆ ಕೂತಿದೆ ಸ್ವಲ್ಪ ತೋರಿಸಿ' ಅಂತ ಕೇಳಿ. ಅದು ಸರಿ ಇದ್ದರೆ ಕಿಂಗ್ ಪಿನ್ ಬಿಗಿ ಹಿಡಿದಿದೆಯಾ ನೋಡಿಸಿ. ಗ್ರೀಸ್ ಹೋಗದೆ ಇದ್ದರೂ ಇದೇ ಲಕ್ಷಣ.

ಪ್ರಶ್ನೆ: ನಮ್ಮೆಜಮಾನರು ತೀರಿಕೊಂಡ ಮೇಲೆ ಲಾರಿ ವ್ಯವಹಾರ ನಾನೇ ನೋಡಿಕೊಳ್ಳುತ್ತಿದ್ದೇನೆ. ಒಂದೇ ಗಾಡಿ, ಬೆಲ್ಲದ ಲೋಡು. ಡ್ರೈವರ್ ಗ್ರೀಸ್ ಹೊಡೆಸಿದೆ ಅಂತಾನೆ, ಅಂಗಡಿಯವರು ಅಲೈನ್‌ಮೆಂಟ್ ಮಾಡಿದೆವು ಅಂತಾರೆ, ದುಡ್ಡು ಕೊಡ್ತೀನಿ. ಮಾಡಿದ್ದಾರೋ ಇಲ್ಲವೋ ಹೇಗೆ ತಿಳಿಯೋದು?
– ಓದುಗರು, ಮಂಡ್ಯ

ಉತ್ತರ: ಅಮ್ಮಾ, ಇದು ಎಲ್ಲಾ ಮಾಲೀಕರೂ ಕೇಳಬೇಕಾದ ಪ್ರಶ್ನೆ. ಗ್ರೀಸ್ ಹೊಡೆದದ್ದು ಕಣ್ಣಿಗೆ ಕಾಣುತ್ತೆ. ಗ್ರೀಸ್ ನಿಪ್ಪಲ್ ಒರೆಸಿ ಗನ್ ಹಚ್ಚಿ ಒತ್ತಿದರೆ ಮೊದಲು ಪಿನ್ನಿನ ಅಂಚಿನಿಂದ ಹಳೇ ಕಪ್ಪು ಗ್ರೀಸ್ ಹೊರಗೆ ಬರಬೇಕು, ಹಿಂದೆಯೇ ಹೊಸ ಗ್ರೀಸ್ ಇಣುಕಬೇಕು. ಮಾರನೇ ದಿನ ನೀವೇ ಹೋಗಿ ಶ್ಯಾಕಲ್ ಪಿನ್ ಮತ್ತು ಕಿಂಗ್ ಪಿನ್ ಅಂಚು ನೋಡಿ. ಹೊಸ ಗ್ರೀಸಿನ ಉಂಗುರ ಇದ್ದರೆ ಕೆಲಸ ಆಗಿದೆ. ನಿಪ್ಪಲ್ ಮೇಲೆ ಮಾತ್ರ ಒಂದು ಮುದ್ದೆ ಗ್ರೀಸ್ ಕೂತು ಅಂಚು ಒಣಗಿದ್ದರೆ ಒಳಗೆ ಏನೂ ಹೋಗಿಲ್ಲ. ಕಿಂಗ್ ಪಿನ್‌ಗೆ ಹೊಡೆಯುವಾಗ ಚಕ್ರ ಜಾಕ್ ಎತ್ತಿ ಹೊಡೆಸಿ ಅಂತ ಹೇಳಿ, ಭಾರ ಇಳಿದರೆ ಗ್ರೀಸ್ ಎಲ್ಲಾ ಕಡೆ ಹೋಗುತ್ತೆ.

ಅಲೈನ್‌ಮೆಂಟ್‌ಗೆ ಬಂದರೆ, ಮಾಡುವ ಮುಂಚಿನ ಅಳತೆ ಮತ್ತು ಮಾಡಿದ ಮೇಲಿನ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ. ಕಂಪ್ಯೂಟರ್ ಮೆಷಿನ್ ಇದ್ದವರಿಗೆ ಇದು ಕಷ್ಟವಲ್ಲ. ಬಿಲ್ಲಿಗೆ ಪಿನ್ ಮಾಡಿ ಫೈಲಿನಲ್ಲಿಡಿ, ಮೇಲೆ ಕಿ.ಮೀ. ಬರೆದಿಡಿ. ತಿಂಗಳಿಗೊಮ್ಮೆ ಮುಂದಿನ ಎರಡು ಟೈರಿನ ಫೋಟೋ ಮೊಬೈಲಿನಲ್ಲಿ ತೆಗೆಯಿರಿ, ಒಂದೇ ಕೋನದಿಂದ, ಒಳ ಅಂಚು ಹೊರ ಅಂಚು ಎರಡೂ ಕಾಣುವ ಹಾಗೆ. ಬಿಚ್ಚಿ ಹಾಕಿದ ಹಳೇ ಎಂಡ್, ಬುಷ್, ಬೋಲ್ಟ್‌ಗಳನ್ನು ವಾಪಸ್ ತರೋಕೆ ಡ್ರೈವರ್‌ಗೆ ಹೇಳಿಡಿ. ಗುಜರಿಗೆ ಹಾಕಿದರೂ ನಿಮ್ಮ ಕೈಯಿಂದಲೇ ಹೋಗಲಿ. ಡ್ರೈವರ್ ಮೇಲೆ ಅನುಮಾನ ಅಂತಲ್ಲ, ಒಳ್ಳೇ ಡ್ರೈವರ್‌ಗೂ ಇದರಿಂದ ಅನುಕೂಲವೇ, ಅಂಗಡಿಯವರ ಮುಂದೆ 'ಅಮ್ಮ ಕೇಳ್ತಾರೆ' ಅಂತ ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಹತ್ತು ಚಕ್ರದ ಗಾಡಿ. ಹಿಂದಿನ ಎರಡು ಆಕ್ಸಲ್‌ಗಳ ಟೈರ್ ಬೇಗ ಸವೆಯುತ್ತಿವೆ, ಜೊತೆಗೆ ಮುಂದಿನ ಟೈರ್ ಕೂಡ.
– ಲಾರಿ ಮಾಲೀಕರು, ವಿಜಯಪುರ

ಉತ್ತರ: ಎರಡು ಆಕ್ಸಲ್ ಒಂದಕ್ಕೊಂದು ಸಮಾಂತರ ಇಲ್ಲದಿದ್ದರೆ ಒಂದು ಎಡಕ್ಕೆ, ಒಂದು ಬಲಕ್ಕೆ ಹೋಗೋಣ ಅನ್ನುತ್ತೆ. ಇಬ್ಬರ ಜಗಳದಲ್ಲಿ ಮುಂದಿನ ಟೈರೂ ಸವೆಯುತ್ತೆ. ಎಡಗಡೆ ಎರಡು ಹಬ್ಬಿನ ನಡುವಿನ ಅಂತರ, ಬಲಗಡೆ ಎರಡು ಹಬ್ಬಿನ ನಡುವಿನ ಅಂತರ, ಇವೆರಡೂ ಒಂದೇ ಇರಬೇಕು. ಇಲ್ಲದಿದ್ದರೆ ಆಕ್ಸಲ್‌ಗಳನ್ನು ಜಾಗದಲ್ಲಿ ಹಿಡಿದಿಡುವ ಟಾರ್ಕ್ ರಾಡ್ ಬುಷ್‌ಗಳ ಮೇಲೆ ಅನುಮಾನ ಪಡಿ. ರಾಡಿನ ತುದಿಗೆ ಸಲಾಕೆ ಕೊಟ್ಟು ಮೀಟಿದಾಗ ರಬ್ಬರ್ ಸೀಳಿ ಕಬ್ಬಿಣ ಸುಲಭವಾಗಿ ಅಲ್ಲಾಡಿದರೆ ಬುಷ್ ಮುಗಿದಿದೆ. ಗಾಡಿಗೆ ಎತ್ತಿ ಇಳಿಸುವ ಲಿಫ್ಟ್ ಆಕ್ಸಲ್ ಇದ್ದರೆ ಅದನ್ನೂ ಇಳಿಸಿಯೇ ಅಳೆಯಿರಿ. ಮೇಲಿದ್ದಾಗ ಎಲ್ಲಾ ಸರಿಯಾಗೇ ಕಾಣುತ್ತೆ.

ಪ್ರಶ್ನೆ: ಅಲೈನ್‌ಮೆಂಟ್ ಖಾಲಿ ಗಾಡಿಗೆ ಮಾಡಿಸಬೇಕಾ, ಲೋಡ್ ಗಾಡಿಗಾ?
– ಓದುಗರು, ಬಾಗಲಕೋಟೆ

ಉತ್ತರ: ಪುಸ್ತಕದಲ್ಲಿ ಕೊಟ್ಟ ಅಳತೆ ಯಾವುದಕ್ಕೆ ಅಂತ ಅಲ್ಲೇ ಬರೆದಿರುತ್ತೆ, ಹೆಚ್ಚಾಗಿ ಖಾಲಿ ಗಾಡಿಗೆ. ಹಾಗಾಗಿ ಖಾಲಿಯೇ ತಗೊಂಡು ಹೋಗಿ. ಪ್ರತಿ ಸಲವೂ ಖಾಲಿಯೇ ಹೋದರೆ ಹಳೇ ಪ್ರಿಂಟಿಗೂ ಹೊಸ ಪ್ರಿಂಟಿಗೂ ಹೋಲಿಕೆ ಸಿಗುತ್ತೆ. ಗಾಳಿ ಮಾತ್ರ ಅಂಗಡಿಗೆ ಹೋಗುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಿಸಿ.